ಮಹಾಕೂಟದಲ್ಲಿ ಬಿಟ್ಟು ಬಂದ ಉಪ್ಪು

ಹೋದ ಕಾರ್ತೀಕದಲ್ಲಿ ನಿಮ್ಮ ಅಪ್ಪ ನಮ್ಮನ್ನೆಲ್ಲ ಮಹಾಕೂಟಕ್ಕೆ ಕರೆದುಕೊಂಡು ಹೋಗಿದ್ದ. ಹೊಂಡದ ಪಕ್ಕದ ಆಲದ ಮರದ ಕೆಳಗೆ ಯಾವುದೋ ಊರಿನವರು ಬುತ್ತಿ ಬಿಚ್ಚಿ ಕುಳಿತಿದ್ದರು. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹುರಿದ ಗುರೆಳ್ಳು, ಬೆಳ್ಳುಳ್ಳಿ, ಎಣ್ಣೆಯಲ್ಲಿ ಮೆತ್ತಗಾದ ಬದನೆಕಾಯಿಯ ವಾಸನೆ ನಾನು ಕುಳಿತಲ್ಲಿಗೆ ಬಂತು. ನಾನು ಎದ್ದು ಹೋಗಿ ಗುಡಿಯ ಗೋಡೆಗೆ ಮುಖ ಮಾಡಿ ನಿಂತೆ. ಸ್ವಾತಿ, ನೀನು ಹಿಂದಿನಿಂದ ಬಂದು, "ಅಜ್ಜಿ, ಯಾಕ ಅಳಾಕತ್ತಿ?" ಅಂದಿ. ಕಣ್ಣಲ್ಲಿ ಕಸ ಬಿತ್ತು ಅಂದೆ. ಅದು ಸುಳ್ಳು. ನಿನ್ನ ತಂಗಿ ಪ್ರೀತಿ ಅದನ್ನು ನಂಬಿ ಕಣ್ಣು ಊದಲು ಬಂದಳು. ನೀನು ನಂಬಲಿಲ್ಲ.

ನನಗೆ ಬಾಯಿಂದ ಹೇಳಲು ಬರುವುದಿಲ್ಲ. ನಾಲ್ಕು ಜನ ಇದ್ದಲ್ಲಿ ನನ್ನ ಮಾತು ಗಂಟಲಲ್ಲೇ ಉಳಿಯುತ್ತದೆ. ಸಂಗಮದ ಹತ್ತಿರ ನಮ್ಮ ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆ ಓದುವಾಗಲೂ ಹಾಗೇ. ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ, ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಬರೆದೇ ತೋರಿಸುತ್ತೇನೆ. ಇದರಲ್ಲಿ ನಿಮ್ಮ ಅಪ್ಪನಿಗೂ ನಾನು ಹೇಳದೆ ಇದ್ದ ಒಂದು ಮಾತಿದೆ. ನೀವು ಓದಿ ಅವನಿಗೆ ಕೊಟ್ಟರೂ ಅಡ್ಡಿಯಿಲ್ಲ.

ನಿಮ್ಮ ಅಜ್ಜ ಹುನಗುಂದ ತಾಲೂಕಿನ ಹಳ್ಳಿಗಳಲ್ಲಿ ಮಾಸ್ತರಿಕೆ ಮಾಡಿದವರು. ಸಾಲೆಯಲ್ಲಿ ಎಷ್ಟು ಬಿಗಿಯೋ ಊಟದ ಮುಂದೆ ಅಷ್ಟು ಸಡಿಲ. ತಾಟಿನ ಮುಂದೆ ಕುಳಿತರೆ ಅಂಗಿಯ ತೋಳು ಮಡಚಿ, ರೊಟ್ಟಿ ಮುರಿದು, ಮೊದಲು ಖಾರ, ಆಮೇಲೆ ಪಲ್ಯ, ಆಮೇಲೆ ಹಸಿ ಉಳ್ಳಾಗಡ್ಡಿ, ಕೊನೆಗೆ ಮೊಸರು, ಹೀಗೆ ಒಂದು ವರಸೆ ಇಟ್ಟುಕೊಂಡು ಉಣ್ಣುತ್ತಿದ್ದರು. ಅಡುಗೆ ಚೆನ್ನಾಗಿದೆ ಎಂದು ಒಂದು ದಿನವೂ ಅನ್ನಲಿಲ್ಲ. ಚೆನ್ನಾಗಿದ್ದ ದಿನ, "ಇನ್ನೊಂದು ರೊಟ್ಟಿ ಐತೇನು?" ಅನ್ನುತ್ತಿದ್ದರು. ಇದೆ ಎಂದು ಅವರಿಗೆ ಗೊತ್ತಿರುತ್ತಿತ್ತು. ನಾನು ಅದನ್ನೇ ಕೇಳಲು ಕಾಯುತ್ತಿದ್ದೆ.

ಪ್ರೀತಿಗೆ ಎರಡು ತುಂಬಿದ ವರ್ಷ, ಆಷಾಢದ ಗಾಳಿ ಏಳುವ ಹೊತ್ತಿಗೆ ಅವರ ಕಾಲು ಬಾತುಕೊಳ್ಳಲು ಹತ್ತಿದವು. ಮೊದಲು ಚಪ್ಪಲಿ ಬಿಗಿಯಾದವು, ಆಮೇಲೆ ಮುಖವೂ ಉಬ್ಬಿದಂತೆ ಕಂಡಿತು. ನಿಮ್ಮ ಅಪ್ಪ ತಾಲೂಕು ಕಚೇರಿಗೆ ರಜೆ ಹಾಕಿ ಬಾಗಲಕೋಟೆಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದ. ರಕ್ತ ನೋಡಿದರು, ಹೊಟ್ಟೆಯ ಫೋಟೋ ತೆಗೆದರು. ಎರಡೂ ಮೂತ್ರಪಿಂಡ ಸೋತಿವೆ ಅಂದರು. ಡಾಕ್ಟರು ನಿಮ್ಮ ಅಜ್ಜನಿಗಿಂತ ಸಣ್ಣ ವಯಸ್ಸಿನವರು, ಭಾಳ ಮರ್ಯಾದೆಯಿಂದ ಹೇಳಿದರು: "ಗುಳಿಗಿ ನಾ ಕೊಡ್ತೇನ್ರಿ ಮಾಸ್ತರ. ಉಪ್ಪು ಮಾತ್ರ ನೀವ ಬಿಡಬೇಕು. ನೀರು ಅಳದು ಕುಡೀಬೇಕು." ಆಮೇಲೆ ನನ್ನ ಕಡೆ ತಿರುಗಿ, "ಇದು ನಿಮ್ಮ ಕೈಯಾಗ ಐತ್ರಿ ಅಮ್ಮಾರ" ಅಂದರು. ಬಸ್ಸಿನಲ್ಲಿ ಬರುವಾಗ ನನ್ನ ಎರಡೂ ಕೈಗಳನ್ನು ನಾನು ನೋಡಿಕೊಳ್ಳುತ್ತ ಕುಳಿತಿದ್ದೆ.

ಆಗಿನಿಂದ ಮನೆಯಲ್ಲಿ ಎರಡು ಅಡುಗೆ. ನಿಮ್ಮ ಅವ್ವ ಸಾಲೆಗೆ ಪಾಠ ಮಾಡಲು ಹೋಗುವ ಮೊದಲು ಎಲ್ಲರ ಅಡುಗೆ ಮುಗಿಸುತ್ತಿದ್ದಳು. ಬದಿಯ ಒಲೆಯ ಮೇಲೆ ನನ್ನ ಸಣ್ಣ ಬೋಗುಣಿ. ಜೋಳದ ರೊಟ್ಟಿಗೆ ನಾವು ಹೇಗೂ ಉಪ್ಪು ಹಾಕುವುದಿಲ್ಲ, ಅದೊಂದು ದೇವರು ಉಳಿಸಿಕೊಟ್ಟ ಹಾಗಿತ್ತು. ಉಳಿದದ್ದಕ್ಕೆ ನಾನು ಹಾದಿ ಹುಡುಕಿದೆ. ಹುಣಸೆಹುಳಿ ಒಂದಿಷ್ಟು ಹೆಚ್ಚು, ನಿಂಬೆಹಣ್ಣು, ಸುಟ್ಟ ಹಸಿಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ. ಇಷ್ಟೆಲ್ಲ ಹಾಕಿದರೂ ಬಾಯಲ್ಲಿಟ್ಟ ಕೂಡಲೇ ಏನೋ ಮರೆತುಬಂದ ಹಾಗೆ ಆಗುತ್ತಿತ್ತು. ಅವರು ಎರಡು ತುತ್ತು ಉಂಡು, ಮೂರನೆಯದನ್ನು ತಾಟಿನಲ್ಲಿ ಆಡಿಸುತ್ತ ಕುಳಿತುಬಿಡುತ್ತಿದ್ದರು. ಇನ್ನೊಂದು ರೊಟ್ಟಿ ಐತೇನು ಎಂದು ಕೇಳುವುದು ನಿಂತುಹೋಯಿತು.

ಶ್ರಾವಣದಲ್ಲಿ ಒಂದು ದಿನ ಅವರು ಓದುವಾಗ ಕಣ್ಣಿಗೆ ಹಾಕುವ ಚಾಳೀಸಿನ ಡಬ್ಬಿ ಒರೆಸಲು ತೆಗೆದೆ. ಒಳಗೆ ಸಣ್ಣ ಕಾಗದದ ಪೊಟ್ಟಣ, ಅದರಲ್ಲಿ ಉಪ್ಪು. ಊಟಕ್ಕೆ ಕುಳಿತಾಗ ಚಾಳೀಸು ಯಾಕೆ ಬೇಕಾಗುತ್ತಿತ್ತು ಎನ್ನುವುದು ಆಗ ತಿಳಿಯಿತು. ಮೂವತ್ತು ವರ್ಷ ಮಕ್ಕಳ ಕಿಸೆಯಿಂದ ಕಾಪಿ ಚೀಟಿ ಹುಡುಕಿ ತೆಗೆದ ಮನುಷ್ಯ ಅವರು. ನಾನು ಪೊಟ್ಟಣವನ್ನು ಅವರ ಮುಂದೆ ಇಟ್ಟೆ. ಅವರಿಗೆ ಸಿಟ್ಟು ಬಂತು.

"ನೀ ನನ್ನ ಹೆಂಡತಿಯೋ ಕಾವಲುಗಾರ್ತಿಯೋ?" ಅಂದರು.

"ಎರಡೂ ರಿ" ಅಂದೆ. ನನ್ನ ಬಾಯಿಂದ ಅಂಥ ಉತ್ತರ ಬಂದದ್ದು ನನಗೇ ಆಶ್ಚರ್ಯ.

ಅಂದಿನಿಂದ ಉಪ್ಪಿನ ಭರಣಿಯನ್ನು ನನ್ನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದೆ. ನಿಮ್ಮ ಅವ್ವನಿಗೆ ಬೇಕಾದಾಗ ನಾನೇ ತೆಗೆದುಕೊಡುತ್ತಿದ್ದೆ. ದಿನಾ ಮುಂಜಾನೆ ಅವರು ಏಳುವ ಮೊದಲು ಹಾಸಿಗೆಯ ತುದಿಯಲ್ಲಿ ಕುಳಿತು ಅವರ ಮುಂಗಾಲಿನ ಮೇಲೆ ಹೆಬ್ಬೆರಳು ಒತ್ತಿ ನೋಡುತ್ತಿದ್ದೆ. ಬೆರಳು ತೆಗೆದ ಮೇಲೆ ಕುಳಿ ಬೇಗ ತುಂಬಿದರೆ ಆ ದಿನ ಒಳ್ಳೆಯದು. ಕುಳಿ ಹಾಗೇ ನಿಂತರೆ ಎಲ್ಲೋ ಉಪ್ಪು ಹೊಟ್ಟೆಗೆ ಹೋಗಿದೆ. ಅವರು ಕಣ್ಣು ಮುಚ್ಚಿಯೇ ಇರುತ್ತಿದ್ದರು. ಎಚ್ಚರ ಇರುತ್ತಿತ್ತು ಎಂದು ನನಗೆ ಗೊತ್ತು. ನಮ್ಮಿಬ್ಬರ ನಡುವೆ ಆ ಮಳೆಗಾಲವೆಲ್ಲ ಹೀಗೇ ಹೋಯಿತು. ಹೊರಗೆ ಎರೆಭೂಮಿ ಹಸಿಯಾಗಿ, ಹೆಸರು, ತೊಗರಿ ಎದ್ದು ನಿಂತಿದ್ದವು. ಒಳಗೆ ಒಬ್ಬರು ಬಚ್ಚಿಡುವುದು, ಒಬ್ಬರು ಹುಡುಕುವುದು.

ದೀಪಾವಳಿಗೆ ಇಳಕಲ್ಲಿನಿಂದ ದೊಡ್ಡಕ್ಕ ಬಂದರು. ನಿಮ್ಮ ಅಜ್ಜನ ಅಕ್ಕ. ಅವರ ಬಾಯಿ ನಿಮಗೆ ಗೊತ್ತೇ ಇದೆ. ತಮ್ಮನ ತಾಟು ನೋಡಿ, ಮುಖ ನೋಡಿ, ಅಲ್ಲೇ ತೀರ್ಮಾನ ಮಾಡಿದರು.

"ಇಂವಗ ಒಂದೀಟು ಹೊರಗ ಗಾಳಿ ಹಾಯಬೇಕು. ಮಹಾಕೂಟಕ್ಕ ಹೋಗೂಣು. ನಾ ಕಾಶೀಗೆ ಹೋಗಿ ಬಂದೇನಿ, ಇಂವ ಹೋಗಿಲ್ಲ. ಮಹಾಕೂಟ ಅಂದ್ರ ನಮ್ಮ ಕಡಿ ಕಾಶೀನ. ಹೊಂಡದಾಗ ಮುಳುಗಿ, ಏನರ ಒಂದು ತಿನ್ನೂದು ಬಿಟ್ಟು ಬರ್ಲಿ."

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಅಲ್ಲಿ ಬಿಟ್ಟು ಬರುತ್ತಾರೆ, ಆಮೇಲೆ ಸಾಯುವ ತನಕ ಅದನ್ನು ಮುಟ್ಟುವುದಿಲ್ಲ. ಅಷ್ಟು ದೂರ ಹೋಗಲಾಗದ ನಮ್ಮ ಹಿರಿಯರು ಮಹಾಕೂಟದಲ್ಲೇ ಬಿಟ್ಟು ಬಂದದ್ದುಂಟು.

"ಅಕ್ಕಾ, ನೀ ಕಾಶಿಯೊಳಗ ಏನ್ ಬಿಟ್ಟಿ?" ಎಂದು ನಿಮ್ಮ ಅಜ್ಜ ಕೇಳಿದರು. ಗೊತ್ತಿದ್ದೇ ಕೇಳಿದ್ದು.

"ಹಾಗಲಕಾಯಿ."

"ಹುಟ್ಟಿದಾಗಿಂದ ನೀ ಹಾಗಲಕಾಯಿ ಮುಟ್ಟಿದ್ದು ನಾ ನೋಡಿಲ್ಲ."

"ನೋಡಿಲ್ಲಂದ್ರ ಏನಾತು, ಬಿಟ್ಟೇನಿಲ್ಲೋ? ದೇವರಿಗೆ ಲೆಕ್ಕ ಹೇಳಾಂವ ನೀ ಯಾಂವಲೇ?"

ಎಷ್ಟೋ ದಿನದ ಮೇಲೆ ಅವರು ನಕ್ಕರು. ಆ ನಗೆ ನೋಡಿ ನಾನು ಹೂಂ ಅಂದುಬಿಟ್ಟೆ. ಒಂದು ರಾತ್ರಿ ಬಾದಾಮಿಯಲ್ಲಿ ಇದ್ದು, ಮರುದಿನ ಬನಶಂಕರಿ ನೋಡಿ ಬರುವುದು ಎಂದಾಯಿತು.

ಹೋಗುವ ಹಿಂದಿನ ದಿನ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬುತ್ತಿ ಏನು?" ಅಂದರು. ಸಣ್ಣ ಹುಡುಗರು ಕೇಳಿದ ಹಾಗೆ ಇತ್ತು. ಎಣ್ಣೆಗಾಯಿ ಅಂದೆ. "ಗುರೆಳ್ಳು ಹಾಕಿ" ಅಂದರು. ಹೂಂ ಅಂದೆ. ಇನ್ನೂ ಏನೋ ಕೇಳುವವರಿದ್ದರು. ಕೇಳದೆ ಹೋದರು.

ನಸುಕಿನಲ್ಲಿ ಎದ್ದು ಸಣ್ಣ ಬದನೆಕಾಯಿ ಆರಿಸಿ, ನಾಲ್ಕು ಸೀಳು ಮಾಡಿ, ಶೇಂಗಾ, ಗುರೆಳ್ಳು, ಒಣಕೊಬ್ಬರಿ ಅರೆದು ತುಂಬಿದೆ. ಮೂರು ಪಾಲಿಗೆ ಉಪ್ಪು ಹಾಕಿ ಬೇಯಿಸಿದೆ, ಒಂದು ಪಾಲನ್ನು ಬೇರೆ ಬೋಗುಣಿಯಲ್ಲಿ ಸಪ್ಪಗೆ ಬೇಯಿಸಿದೆ. ನಾಲ್ಕು ಸ್ಟೀಲ್ ಡಬ್ಬಿ ತುಂಬಿ, ಸಪ್ಪನೆಯ ಡಬ್ಬಿಯ ಹಿಡಿಕೆಗೆ ಕೆಂಪು ದಾರ ಕಟ್ಟಿದೆ. ರೊಟ್ಟಿ, ಮೊಸರು, ಉಪ್ಪಿಲ್ಲದ ಖಾರ, ಉಪ್ಪಿದ್ದ ಖಾರ ಬೇರೆ ಬೇರೆ. ಅಷ್ಟು ಎಚ್ಚರ ವಹಿಸಿದ್ದೆ.

ಗಾಡಿ ನಡೆಸಲು ದಾವಲಸಾಬ ಬಂದಿದ್ದ. ನಾಲ್ಕನೆಯ ಇಯತ್ತೆಯಲ್ಲಿ ನಿಮ್ಮ ಅಜ್ಜನ ಕೈಕೆಳಗೆ ಓದಿದವನು. ಈಗ ಅವನ ಮಗಳೇ ಕಾಲೇಜಿಗೆ ಹೋಗುತ್ತಾಳೆ.

"ಸರ, ನೀವು ಹೊಡದದ್ದು ಇನ್ನೂ ಉರಿತೈತ್ರಿ" ಅಂದ, ಗಾಡಿ ಚಾಲೂ ಮಾಡುತ್ತ.

"ಮಗ್ಗಿ ಬರಲಿಲ್ಲಂತ ಹೊಡದೆ. ಈಗರ ಬರ್ತೈತೇನು?"

"ಹದಿಮೂರರದು ಇನ್ನೂ ಬರಂಗಿಲ್ರಿ."

ಅಮೀನಗಡದಲ್ಲಿ ದೊಡ್ಡಕ್ಕ ಗಾಡಿ ನಿಲ್ಲಿಸಿ ಕರದಂಟು ಕೊಂಡರು. ನಿಮ್ಮ ಅಜ್ಜನಿಗೆ ಉಗುರಿನಷ್ಟು ಮುರಿದು ಕೊಟ್ಟೆ. ಹೊಲಗಳಲ್ಲಿ ಜೋಳ ನಡುಮಟ ಬಂದಿತ್ತು. ಮಲಪ್ರಭೆ ದಾಟುವಾಗ ನೀರು ಇನ್ನೂ ಕೆಂಪಗಿತ್ತು. ಆಮೇಲೆ ಕೆಂಪು ಕಲ್ಲಿನ ಗುಡ್ಡಗಳು ಎರಡೂ ಕಡೆ ಹತ್ತಿರ ಬಂದು, ಬಿಸಿಲು ಕಡಿಮೆಯಾಗಿ, ಗಾಳಿಗೆ ಎಲೆಯ ವಾಸನೆ ಹತ್ತಿತು. ಅವರು ಕಿಟಕಿಯ ಗಾಜು ಇಳಿಸಿ ಮುಖ ಹೊರಗೆ ಹಿಡಿದಿದ್ದರು.

ಮಹಾಕೂಟದ ಹೊಂಡ ನೀವು ನೋಡಿದ್ದೀರಿ. ಬೇಸಿಗೆಯಲ್ಲೂ ಬತ್ತದ ಒರತೆ, ತಳದ ಕಲ್ಲು ಕಾಣುವಷ್ಟು ತಿಳಿ ನೀರು. ದರ್ಶನ ಮುಗಿಸಿ ಬಂದಾಗ ಮಧ್ಯಾಹ್ನ ಆಗಿತ್ತು. ಮುಳುಗುವುದು, ಬಿಡುವುದು ಆಮೇಲೆ ನೋಡೋಣ ಎಂದು ನಿಮ್ಮ ಅಜ್ಜ ಮುಂದೂಡಿದ್ದರು. ಮರದ ಕೆಳಗೆ ಚಾಪೆ ಹಾಸಿದೆವು. ಮಂಗ ಬಾರದ ಹಾಗೆ ದಾವಲಸಾಬ ಕೋಲು ಹಿಡಿದು ಕುಳಿತ. ನಾನು ತಂಬಿಗೆ ತೆಗೆದುಕೊಂಡು ಕುಡಿಯುವ ನೀರು ತರಲು ಹೋದೆ. ಬಂದು, ದಾರ ಕಟ್ಟಿದ ಡಬ್ಬಿಯನ್ನು ಅವರ ಮುಂದೆ ಇಟ್ಟೆ, ದೊಡ್ಡಕ್ಕನಿಗೆ ಒಂದು, ದಾವಲಸಾಬನಿಗೆ ಒಂದು, ಉಳಿದದ್ದು ನನಗೆ.

ಮೊದಲ ತುತ್ತಿನಲ್ಲೇ ಗೊತ್ತಾಯಿತು. ನನ್ನ ಬದನೆಕಾಯಿಯಲ್ಲಿ ಉಪ್ಪಿರಲಿಲ್ಲ.

ಅವರ ಡಬ್ಬಿಯ ದಾರ ನೋಡಿದೆ. ನಾನು ಕಟ್ಟಿದ್ದು ಹೆಣ್ಣುಮಕ್ಕಳು ಹೂವಿನ ಮಾಲೆಗೆ ಹಾಕುವ ಸರಗಂಟು. ಅಲ್ಲಿದ್ದದ್ದು ಪರೀಕ್ಷೆಯ ಪೇಪರಿನ ಕಟ್ಟಿಗೆ ಮಾಸ್ತರುಗಳು ಹಾಕುವ ಬಿಗಿ ಗಂಟು. ನಾನು ನೀರಿಗೆ ಹೋದ ಹೊತ್ತಿನಲ್ಲಿ ಅವರು ದಾರವನ್ನು ಒಂದು ಡಬ್ಬಿಯಿಂದ ಬಿಚ್ಚಿ ಇನ್ನೊಂದಕ್ಕೆ ಕಟ್ಟಿದ್ದರು. ಸಪ್ಪನೆಯದು ನನ್ನ ಪಾಲಿಗೆ ಬಂದದ್ದು ನಸೀಬು. ದೊಡ್ಡಕ್ಕನ ಪಾಲಿಗೆ ಹೋಗಿದ್ದರೆ ಅದು ಗುಡ್ಡಕ್ಕೆಲ್ಲ ಕೇಳುತ್ತಿತ್ತು.

ಮಕ್ಕಳೇ, ನಾನು ಯಾರಿಗೂ ಹೇಳದೆ ಇದ್ದ ಮಾತು ಇದು. ಆಗ ನಾನು ಕೈ ಚಾಚಿ ಅವರ ಡಬ್ಬಿ ಕಸಿದುಕೊಳ್ಳಬಹುದಿತ್ತು. ಡಾಕ್ಟರು ನನ್ನ ಕೈಯಲ್ಲಿದೆ ಅಂದಿದ್ದರು. ಆದರೆ ಅವರು ತೋಳು ಮಡಚಿಕೊಂಡು ಉಣ್ಣುತ್ತಿದ್ದರು. ರೊಟ್ಟಿ ಮುರಿದು, ಖಾರ, ಪಲ್ಯ, ಉಳ್ಳಾಗಡ್ಡಿ, ಅದೇ ವರಸೆ. ನಾಲ್ಕು ತಿಂಗಳ ಮೇಲೆ ಅವರ ದವಡೆ ಹಾಗೆ ಆಡುವುದನ್ನು ನೋಡಿದೆ. ಅವರು ತಲೆ ಎತ್ತದೆ, "ಇನ್ನೊಂದು ರೊಟ್ಟಿ ಐತೇನು?" ಅಂದರು.

ನಾನು ಕೊಟ್ಟೆ. ಆಮೇಲೆ ಇನ್ನೊಂದನ್ನೂ ಕೊಟ್ಟೆ. ನನ್ನ ಸಪ್ಪನೆಯ ಎಣ್ಣೆಗಾಯಿಯನ್ನು ಮುಖದಲ್ಲಿ ಏನೂ ತೋರಿಸದೆ ಕೊನೆಯ ತನಕ ಉಂಡೆ, ಡಬ್ಬಿಗೆ ಹತ್ತಿದ ಮಸಾಲೆಯನ್ನೂ ರೊಟ್ಟಿಯಿಂದ ಒರೆಸಿ ಉಂಡೆ. ಒಂದು ಸಲ ಅವರು ನನ್ನ ಕಡೆ ನೋಡಿದರು. ಕಣ್ಣು ಕೂಡಿದವು. ಅವರೇ ಮೊದಲು ತಲೆ ತಗ್ಗಿಸಿದರು. ಸಂಜೆ ಬಾದಾಮಿಗೆ ಹೋಗುವ ದಾರಿಯಲ್ಲಿ ದೊಡ್ಡಕ್ಕ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆದರು.

ಮರುದಿನ ಮುಂಜಾನೆ ಲಾಡ್ಜಿನ ಕೋಣೆಯಲ್ಲಿ ಬೆಳಕು ಬಂದ ಮೇಲೆ, ಹಾಸಿಗೆಯ ತುದಿಗೆ ಕುಳಿತು ಅವರ ಕಾಲು ನೋಡಿದೆ. ಹೆಬ್ಬೆರಳು ಒತ್ತಿ ತೆಗೆದೆ. ಕುಳಿ ತುಂಬಲಿಲ್ಲ. ಇನ್ನೊಂದು ಕಾಲು ಒತ್ತಿದೆ. ಅಲ್ಲೂ ನಿಂತಿತು. ಎರಡು ಕುಳಿಗಳನ್ನು ನೋಡುತ್ತ ಕುಳಿತೆ. ಅಳಬಾರದು ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದೆ.

"ಡಬ್ಬಿ ಬದಲಿ ಮಾಡಿದಾಂವ ನಾನು" ಅಂದರು. ಕಣ್ಣು ಮುಚ್ಚಿಯೇ ಅಂದರು.

"ಗೊತ್ತೈತ್ರಿ."

"ಯಾವಾಗ ಗೊತ್ತಾತು?"

"ಮೊದಲನೇ ತುತ್ತಿಗೆ."

ಆಗ ಕಣ್ಣು ತೆರೆದರು. "ಮತ್ತ ಯಾಕ ಸುಮ್ಮನ ಕುಂತಿ?"

"ನೀವು ಭಾಳ ದಿನದ ಮ್ಯಾಲೆ ಹೊಟ್ಟಿ ತುಂಬ ಉಣ್ಣಾಕತ್ತಿದ್ರಿ. ನನಗ ಕೈ ಬರಲಿಲ್ಲ."

ಅವರು ಎದ್ದು ಕುಳಿತರು. ತಮ್ಮ ಕಾಲಿನ ಮೇಲಿನ ಕುಳಿಯನ್ನು ತಾವೇ ಮುಟ್ಟಿ ನೋಡಿಕೊಂಡರು. ಅದುವರೆಗೆ ಒಂದು ದಿನವೂ ನೋಡಿಕೊಂಡಿರಲಿಲ್ಲ. "ನಾ ಸತ್ತಿದ್ರ ಇದರ ಪಾಪ ನಿನ್ನ ಕೈ ಮ್ಯಾಲೆ ಹಾಕಿ ಹೋಗ್ತಿದ್ನಲ್ಲ" ಅಂದರು. ಎದ್ದು ಹೋಗಿ ಬಾಗಿಲು ತೆರೆದು, "ದಾವಲಾ, ಬನಶಂಕರಿ ಆಮ್ಯಾಲೆ. ಗಾಡಿ ಮತ್ತ ಮಹಾಕೂಟಕ್ಕ ತಿರುಗಸು" ಅಂದರು.

ಆ ಹೊತ್ತಿಗೆ ಹೊಂಡದ ಹತ್ತಿರ ಪೂಜೆಯವರು ಬಿಟ್ಟರೆ ಯಾರೂ ಇರಲಿಲ್ಲ. ಗುಡ್ಡದ ನೆರಳು ನೀರಿನ ಮೇಲೆ ಇತ್ತು, ಮೆಟ್ಟಿಲುಗಳು ಮಂಜಿಗೆ ಒದ್ದೆಯಾಗಿದ್ದವು. ಕಾಲು ಬಾತದ್ದರಿಂದ ಇಳಿಯಲು ಆಗದೆ, ದಾವಲಸಾಬನ ಹೆಗಲು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದರು. ಮುಳುಗು ಹಾಕುವುದು ಬೇಡ ಎಂದು ನಾನು ತಂಬಿಗೆಯಿಂದ ನೀರು ಹಾಕಿದೆ. ತಣ್ಣೀರಿಗೆ ಮೈ ನಡುಗಿತು.

ದೊಡ್ಡಕ್ಕ ಮೇಲಿನ ಮೆಟ್ಟಿಲ ಮೇಲೆ ಕುಳಿತು, "ಏನ್ ಬಿಡ್ತಿಯೋ ತಮ್ಮಾ? ಹಾಗಲಕಾಯಿ ನಂದಾತು, ಅದನ್ನ ಕೇಳಬ್ಯಾಡ" ಅಂದರು.

"ಉಪ್ಪು."

ದೊಡ್ಡಕ್ಕ ಕುಳಿತಲ್ಲಿಂದ ಎರಡು ಮೆಟ್ಟಿಲು ಕೆಳಗೆ ಇಳಿದರು. ಆಮೇಲೆ, "ಉಪ್ಪು ಯಾರೂ ಬಿಡಂಗಿಲ್ಲೋ ಮಾರಾಯಾ. ಉಪ್ಪು ಬಿಟ್ಟರ ಮನಶ್ಯಾ ಉಳದಾನೇನು?" ಅಂದರು.

"ಬಿಡದಿದ್ರ ಉಳಿಯಂಗಿಲ್ಲಂತ ಡಾಕ್ಟರ ಹೇಳ್ಯಾರ. ಯಾರದರ ಒಂದು ಮಾತು ಕೇಳಬೇಕಲ್ಲ."

ದಾವಲಸಾಬ ಪೇರಲಹಣ್ಣಿಗೆಂದು ತಂದ ಉಪ್ಪಿನ ಪುಡಿ ಗಾಡಿಯಲ್ಲಿತ್ತು. ಅದರಿಂದ ಒಂದು ಚಿಟಿಕೆ ತರಿಸಿ, ಅಂಗೈಯಲ್ಲಿಟ್ಟು, ಮೇಲೆ ನೀರು ಹಾಕು ಎಂದು ನನಗೆ ಹೇಳಿದರು. ನಾನು ಹಾಕಿದೆ. ಉಪ್ಪು ಕರಗಿ ಬೆರಳ ಸಂದಿಯಿಂದ ಇಳಿದುಹೋಯಿತು. ಅವರು ಅಂಗೈ ಖಾಲಿಯಾಗುವ ತನಕ ನೋಡಿದರು.

"ನಾನೂ ಬಿಡ್ತೇನ್ರಿ" ಅಂದೆ. ಹೊಟ್ಟೆಯೊಳಗಿಂದ ಬಂದ ಮಾತು ಅದು.

"ನೀ ಬಿಡಬ್ಯಾಡ. ಮೊಮ್ಮಕ್ಕಳಿಗೆ ಉಣಸಾಕಿ ನೀ." ಆಮೇಲೆ ನನ್ನ ಮುಖ ನೋಡಿ, ಬೇರೆಯವರಿಗೆ ಕೇಳದಂತೆ ಅಂದರು, "ಬಿಡೂದಿದ್ರ ಭರಣಿ ಬಚ್ಚಿಡೂದು ಬಿಡು. ನನ್ನ ಕಾಲು ಒತ್ತಿ ನೋಡೂದು ಬಿಡು. ಇನ್ನ ಅದು ನನ್ನ ಕೆಲಸ."

ನಾನು ಅಂಗೈ ಚಾಚಿದೆ. ತಂಬಿಗೆಯ ಉಳಿದ ನೀರನ್ನು ಅವರು ನನ್ನ ಕೈಯಲ್ಲಿ ಹಾಕಿದರು. ಅವರಿಗೆ ಉಪ್ಪು ಬಿಡುವುದು ಎಷ್ಟು ಕಷ್ಟವಿತ್ತೋ ಗೊತ್ತಿಲ್ಲ. ನನಗೆ ಕಾವಲು ಬಿಡುವುದು ಭಾಳ ಕಷ್ಟವಾಯಿತು.

ಅಲ್ಲಿಂದ ಬನಶಂಕರಿಗೆ ಹೋದೆವು. ಗುಡಿಯ ಎದುರು ಹೊಂಡದ ಪಕ್ಕದ ಕಟ್ಟೆಯ ಮೇಲೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಬಂದವರನ್ನೆಲ್ಲ ಕರೆದು ಕರೆದು ಊಟಕ್ಕೆ ಕೂರಿಸುತ್ತಾರಲ್ಲ, ಅಲ್ಲೇ ಕುಳಿತೆವು. ಎಳೆ ವಯಸ್ಸಿನ ಒಬ್ಬಳು ಸಜ್ಜೆರೊಟ್ಟಿ, ಕಾಳುಪಲ್ಯ, ಕೆಂಪು ಖಾರ, ಗಡಿಗೆಯ ಮೊಸರು ಇಟ್ಟುಕೊಂಡಿದ್ದಳು. ನಿಮ್ಮ ಅಜ್ಜನ ಮುಂದೆ ಪಲ್ಯದ ಸೌಟು ತಂದಾಗ ಅವರು ಕೈ ಅಡ್ಡ ಹಿಡಿದರು.

"ರೊಟ್ಟಿ ಮೊಸರು ಅಷ್ಟ ಸಾಕವ್ವಾ."

"ಅದ್ಯಾಕ್ರಿ ಯಪ್ಪಾ? ನಮ್ಮ ಪಲ್ಯ ಛಲೋ ಇರ್ತೈತ್ರಿ. ಮೊಸರಿಗರ ಒಂದು ಚೂರು ಉಪ್ಪು ಹಾಕ್ಲೇನ್ರಿ?"

ನಾನು ಬಾಯಿ ತೆರೆದೆ. ಮುಂಜಾನೆಯ ಮಾತು ನೆನಪಾಗಿ ಮುಚ್ಚಿಕೊಂಡೆ.

"ಬ್ಯಾಡವ್ವ. ಬಿಟ್ಟು ಬಂದೇನಿ" ಅಂದರು. ಅವಳು ಸೌಟು ತೆಗೆದು, ಹಣೆಗೆ ಕೈ ಮುಟ್ಟಿಸಿಕೊಂಡು, ಇನ್ನೊಂದು ಸೌಟು ಮೊಸರು ಹಾಕಿದಳು. ಡಾಕ್ಟರು ಬೇಡ ಅಂದಾಗ ಅವರಿಗೆ ಅದು ಸೋಲು. ನಾನು ಬೇಡ ಅಂದಾಗ ಸಿಟ್ಟು. ತಾವೇ ಬಿಟ್ಟು ಬಂದದ್ದು ಅಂದಾಗ ಎದುರಿಗಿದ್ದವರು ಕೈ ಮುಗಿದರು. ಅವರು ಆ ಸಪ್ಪನೆಯ ಮೊಸರು ರೊಟ್ಟಿಯನ್ನು ತಲೆ ಎತ್ತಿಕೊಂಡು ಉಂಡರು.

ಮನೆಗೆ ಬಂದ ದಿನವೇ ಟ್ರಂಕು ತೆಗೆದು ಉಪ್ಪಿನ ಭರಣಿಯನ್ನು ಒಲೆಯ ಮೇಲಿನ ಹಲಗೆಯ ಮೇಲೆ, ಎಲ್ಲರ ಕೈಗೆ ಸಿಗುವಂತೆ ಇಟ್ಟೆ. ಮೊದಲ ಕೆಲವು ವಾರ ನನಗೆ ನಿದ್ದೆ ಬರಲಿಲ್ಲ. ಮುಂಜಾನೆ ಎದ್ದ ಕೂಡಲೇ ಹೆಬ್ಬೆರಳು ತಾನೇ ಅವರ ಕಾಲಿನ ಕಡೆ ಹೋಗುತ್ತಿತ್ತು, ಹಿಂದೆ ಎಳೆದುಕೊಳ್ಳುತ್ತಿದ್ದೆ. ಆಮೇಲೆ ಒಂದು ದಿನ ಅವರೇ ಹಾಸಿಗೆಯಲ್ಲಿ ಕುಳಿತು ತಮ್ಮ ಕಾಲನ್ನು ತಾವೇ ಒತ್ತಿ, "ಇವತ್ತು ಲಗೂನ ತುಂಬ್ತು" ಎಂದು ನನಗೆ ವರದಿ ಕೊಟ್ಟರು. ಅಂದಿನಿಂದ ದಿನಾ ಕೊಡುತ್ತಿದ್ದರು. ಸಪ್ಪನೆಯ ಬೋಗುಣಿಯನ್ನು ನಾವಿಬ್ಬರೂ ಹಂಚಿಕೊಂಡು ಉಂಡೆವು. ನಾನು ಉಪ್ಪು ಬಿಟ್ಟಿರಲಿಲ್ಲ, ಉಣ್ಣಬಹುದಿತ್ತು. ಆದರೆ ಒಬ್ಬರ ತಾಟು ಬೇರೆ ಆಗುವುದು ನನಗೆ ಸಾಕಾಗಿತ್ತು. ನಿಮ್ಮ ಅವ್ವನೇ ಎಲ್ಲರ ಅಡುಗೆ ನೋಡಿಕೊಂಡಳು. ನನ್ನ ಕೈ ಉಪ್ಪಿನ ಭರಣಿಗೆ ಹೋಗುವುದೇ ನಿಂತಿತು.

ಹಾಗೆ ಹೆಚ್ಚುಕಡಿಮೆ ಎರಡು ವರ್ಷ. ಡಾಕ್ಟರು ಅಷ್ಟು ದಿನ ಅಂದುಕೊಂಡಿರಲಿಲ್ಲವಂತೆ. ಎರಡನೆಯ ವರ್ಷದ ಭಾದ್ರಪದದಲ್ಲಿ ಉಸಿರು ಭಾರವಾಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ಆರು ದಿನ ಇದ್ದರು. ಕೊನೆಗೆ, ಇನ್ನು ಅವರು ಬೇಡಿದ್ದು ಕೊಡ್ರಿ ಎಂದು ಡಾಕ್ಟರು ನಮಗೆ ಹೇಳಿದರು. ಏನು ಬೇಕು ಎಂದು ನಾನು ಕಿವಿಯ ಹತ್ತಿರ ಕೇಳಿದೆ. ತುಸು ನೀರು ಕೇಳಿದರು. ಬೇರೆ ಏನನ್ನೂ ಕೇಳಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಮರುದಿನ ಮಧ್ಯಾಹ್ನ ಹೋದರು.

ದಿನಕಾರ್ಯದ ದಿವಸ ಎಡೆ ಇಡಬೇಕಲ್ಲ. ತೀರಿದವರಿಗೆ ಸೇರುತ್ತಿದ್ದ ಅಡುಗೆಯನ್ನೇ ಮಾಡಿ ಫೋಟೋದ ಮುಂದೆ ಇಡುವುದು ನಮ್ಮಲ್ಲಿ ರೂಢಿ. ಎಣ್ಣೆಗಾಯಿ ಆಗಬೇಕು ಎನ್ನುವುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ಉಪ್ಪಿನ ಮಾತು ಬಂದಾಗ ಪಡಸಾಲೆಯಲ್ಲಿ ವಾದ ಎದ್ದಿತು.

"ದೇವರ ಮುಂದ ಬಿಟ್ಟದ್ದು. ಎಡಿಗೂ ಬರಂಗಿಲ್ಲ. ಸಪ್ಪನ್ನ ಇಡ್ರಿ" ಅಂದರು ದೊಡ್ಡಕ್ಕ. ಅತ್ತು ಅತ್ತು ಅವರ ದನಿ ಒಡೆದಿತ್ತು.

ಓಣಿಯ ಹಿರಿಯರೊಬ್ಬರು, "ಸತ್ತವಗ ಸಪ್ಪನ ಎಡಿ ಇಟ್ಟಾರೇನವ್ವ? ಹಸದು ಹೋಗ್ತಾನ" ಅಂದರು. ಒಬ್ಬರು ಹೌದು, ಒಬ್ಬರು ಅಲ್ಲ. ನಿಮ್ಮ ಅಪ್ಪ ತಲೆ ತಗ್ಗಿಸಿ ಕುಳಿತಿದ್ದ. ನನ್ನನ್ನು ಯಾರೂ ಕೇಳಲಿಲ್ಲ, ನಾನು ಮಾತಾಡುವವಳಲ್ಲ ಎಂದು ಎಲ್ಲರಿಗೂ ಗೊತ್ತು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದೆ, ಕೈಯಲ್ಲಿ ಸೀಳಿದ ಬದನೆಕಾಯಿ ಇದ್ದವು.

"ಉಪ್ಪು ಹಾಕ್ತೇನಿ" ಅಂದೆ.

ಎಲ್ಲರೂ ತಿರುಗಿದರು. ಹೊಸ್ತಿಲು ದಾಟಿ ಪಡಸಾಲೆಗೆ ಬಂದೆ. "ಅವರು ಕಾಲು ಬಾಯ್ತಾವಂತ ಬಿಟ್ಟಿದ್ರು. ಆ ಕಾಲು ಈಗಿಲ್ಲ. ಅವರು ಆಡಿದ ಮಾತು ಕಡೀತನಕ ನಡಸ್ಯಾರ. ಇನ್ನ ಉಣ್ಲಿ."

ದೊಡ್ಡಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ, "ಹಾಕವಾ" ಅಂದರು.

ಎಡೆಗೆ ಮಾಡಿದ್ದನ್ನು ಮುಂಚೆ ರುಚಿ ನೋಡುವ ಹಾಗಿಲ್ಲ. ಭರಣಿಗೆ ಕೈ ಹಾಕಿದೆ. ಎಷ್ಟು ಹಾಕುತ್ತಿದ್ದೆ ಎನ್ನುವುದು ಬೆರಳಿಗೆ ಮರೆತುಹೋಗಿತ್ತು. ಒಂದು ಚಿಟಿಕೆ ಹಾಕಿದೆ, ಕಡಿಮೆ ಅನ್ನಿಸಿತು. ಇನ್ನೊಂದು ಹಾಕಿದೆ. ಒಲೆಯ ಮುಂದೆ ನಿಂತು ಮತ್ತೆ ಅನುಮಾನ ಬಂದು ಇನ್ನಷ್ಟು ಹಾಕಿದೆ.

ಪೂಜೆ ಮುಗಿದು, ಎಡೆ ಇಟ್ಟು, ತೀರಿದವರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಹೊರಗೆ ನಿಂತು, ಆಮೇಲೆ ಎಲ್ಲರೂ ಊಟಕ್ಕೆ ಕುಳಿತರು. ಮೊದಲ ತುತ್ತಿಗೇ ಪಂಕ್ತಿಯೆಲ್ಲ ಒಮ್ಮೆ ನಿಂತ ಹಾಗೆ ಆಯಿತು. ಪ್ರೀತಿ, ನೀನು ಆಗ ನಾಲ್ಕು ವರ್ಷದವಳು. "ಅಜ್ಜಿ, ಉಪ್ಪು ಭಾಳ ಆಗೇತಿ, ನೀರು ಕೊಡು" ಅಂದಿ. ನಿಮ್ಮ ಅವ್ವ ನಿನ್ನ ಬಾಯಿ ಮುಚ್ಚಲು ಹೋದಳು.

"ಹೇಳ್ಲಿ ಬಿಡು" ಅಂದರು ದೊಡ್ಡಕ್ಕ, ರೊಟ್ಟಿ ಮುರಿಯುತ್ತ. "ಎರಡು ವರ್ಷದ್ದು ಕೂಡಿಸಿ ಹಾಕ್ಯಾಳ."

ನಾನು ನಿನಗೆ ನೀರು ಕೊಟ್ಟೆ. ಆಮೇಲೆ ನಾನೂ ತಾಟು ಹಾಕಿಕೊಂಡು ಕುಳಿತೆ. ಗಂಟಲು ಉರಿಯುವಷ್ಟು ಉಪ್ಪಿತ್ತು. ಎರಡನೆಯ ಸಲವೂ ನೀಡಿಸಿಕೊಂಡೆ.